ಬಾಯಾರುವ ಮೊದಲೇ ನೀರು: ನಿರ್ಜಲೀಕರಣದ ಅರಿವು ಮತ್ತು ಗ್ರಾಮ ಪಂಚಾಯತ್‌ನ ಹೊಣೆ

ಪುತ್ತೂರು, ಸುಳ್ಯ ಹಾಗೂ ಕಡಬ ತಾಲೂಕುಗಳ ಮನೆಗಳಿಗೆ ಬಿಸಿಲಿನಲ್ಲಿ ನಡೆದು ಬಂದ ಅತಿಥಿಗೆ ಮೊದಲು ದೊರೆಯುವುದು ಒಂದು ತುಂಡು ಬೆಲ್ಲ ಮತ್ತು ಒಂದು ಚೆಂಬು ನೀರು. ಕುಶಲ ವಿಚಾರಣೆ, ಬಂದ ಕಾರ್ಯ, ಊಟದ ಮಾತು ಎಲ್ಲವೂ ಅನಂತರದವು. ಈ ಭಾಗದಲ್ಲಿ ‘ಬಾಯಾರಿಕೆ’ ಎಂಬ ಪದಕ್ಕೆ ಅತಿಥಿಗೆ ಕೊಡುವ ಪಾನೀಯ ಎಂಬ ಅರ್ಥವೂ ಸೇರಿಕೊಂಡಿದೆ. ಗಮನಿಸಬೇಕಾದ ಅಂಶವೆಂದರೆ, ಅತಿಥಿ ತನಗೆ ದಾಹವಾಗಿದೆ ಎಂದು ಹೇಳುವವರೆಗೆ ಮನೆಯವರು ಕಾಯುವುದಿಲ್ಲ. ಕೇಳುವ ಮೊದಲೇ ನೀರು ಮುಂದಿರುತ್ತದೆ.

ಅದೇ ಬೇಸಿಗೆಯಲ್ಲಿ, ಅದೇ ಊರಿನಲ್ಲಿ, ಮನೆಯ ಜಗಲಿಯ ಹೊರಗೆ ದುಡಿಯುವವರ ಸ್ಥಿತಿ ಬೇರೆ. ರಸ್ತೆ ಬದಿಯ ಚರಂಡಿ ಕೆಲಸದವರು, ಕೆಂಪುಕಲ್ಲಿನ ಕೋರೆಯ ಕಾರ್ಮಿಕರು, ಸ್ವಚ್ಛವಾಹಿನಿಯಲ್ಲಿ ಮನೆಮನೆಗೆ ತೆರಳುವ ಮಹಿಳೆಯರು, ಗೇರುಬೀಜ ಹೆಕ್ಕುವವರು ನೀರು ಕುಡಿಯಬೇಕಾದರೆ ಮೊದಲು ಬಾಯಾರಬೇಕು, ಅನಂತರ ನೀರನ್ನು ಹುಡುಕಬೇಕು. ಈ ಎರಡರ ನಡುವೆ ಕಳೆದುಹೋಗುವ ಸಮಯದಲ್ಲಿಯೇ ನಿರ್ಜಲೀಕರಣ ಉಂಟಾಗುತ್ತದೆ. ಬಾಯಾರಿಕೆ ಎಂದರೇನು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು, ಗ್ರಾಮ ಪಂಚಾಯತ್ ಈ ವಿಷಯದಲ್ಲಿ ಏನು ಮಾಡಬಹುದು ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಬಾಯಾರಿಕೆ ಹುಟ್ಟುವ ಬಗೆ

ವಯಸ್ಕರ ದೇಹದ ತೂಕದಲ್ಲಿ ಸುಮಾರು ಶೇ. 50ರಿಂದ 60ರಷ್ಟು ನೀರಿರುತ್ತದೆ. ನವಜಾತ ಶಿಶುವಿನಲ್ಲಿ ಈ ಪ್ರಮಾಣ ಸುಮಾರು ಶೇ. 75. ಬೆವರು, ಮೂತ್ರ, ಮಲ ಮತ್ತು ಉಸಿರಿನ ಮೂಲಕ ಈ ನೀರು ನಿರಂತರವಾಗಿ ಹೊರಹೋಗುತ್ತದೆ. ನೀರು ಕಡಿಮೆಯಾದಂತೆ ರಕ್ತದಲ್ಲಿರುವ ಲವಣದ ಸಾಂದ್ರತೆ ಏರುತ್ತದೆ. ಮೆದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್ ಎಂಬ ಭಾಗವು ಶೇ. 1ರಿಂದ 2ರಷ್ಟು ಏರಿಕೆಯನ್ನೂ ಗ್ರಹಿಸಬಲ್ಲದು.

ಹೈಪೊಥಲಾಮಸ್ ಎರಡು ಕ್ರಮಗಳನ್ನು ಕೈಗೊಳ್ಳುತ್ತದೆ. ಮೊದಲನೆಯದು, ವಾಸೊಪ್ರೆಸಿನ್ ಎಂಬ ಹಾರ್ಮೋನಿನ ಮೂಲಕ ಮೂತ್ರಪಿಂಡಗಳಿಗೆ ನೀರನ್ನು ಉಳಿಸುವಂತೆ ಸೂಚಿಸುವುದು. ಆಗ ಮೂತ್ರದ ಪ್ರಮಾಣ ಇಳಿದು ಅದರ ಹಳದಿ ಬಣ್ಣ ಗಾಢವಾಗುತ್ತದೆ. ಎರಡನೆಯದು, ನೀರು ಕುಡಿಯುವಂತೆ ಮನುಷ್ಯನನ್ನು ಪ್ರೇರೇಪಿಸುವುದು. ಇದೇ ಬಾಯಾರಿಕೆ. ಅಂದರೆ, ಬಾಯಾರಿಕೆಯ ಅರಿವಾಗುವ ಹೊತ್ತಿಗೆ ದೇಹವು ನೀರಿನ ಉಳಿತಾಯವನ್ನು ಆಗಲೇ ಆರಂಭಿಸಿರುತ್ತದೆ.

ಬಾಯಾರಿಕೆಯಾಯಿತೆಂದರೆ ಅಪಾಯ ಬಂದೇಬಿಟ್ಟಿತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದು ಪೂರ್ಣ ಸತ್ಯವಲ್ಲ. ಆರೋಗ್ಯವಂತ ವಯಸ್ಕರು ನೆರಳಿನಲ್ಲಿದ್ದು, ನೀರು ಕೈಗೆಟಕುವಂತಿದ್ದರೆ ಬಾಯಾರಿಕೆಯನ್ನೇ ಅನುಸರಿಸಿದರೂ ಸಾಕು. ಆದರೆ ಈ ವ್ಯವಸ್ಥೆಗೆ ಎರಡು ಮಿತಿಗಳಿವೆ.

ಒಂದು, ಹೈಪೊಥಲಾಮಸ್ ಮುಖ್ಯವಾಗಿ ಅಳೆಯುವುದು ಲವಣದ ಸಾಂದ್ರತೆಯನ್ನು, ನೀರಿನ ಒಟ್ಟು ಪ್ರಮಾಣವನ್ನಲ್ಲ. ಓವರ್‌ಹೆಡ್ ಟ್ಯಾಂಕಿನಲ್ಲಿ ನೀರಿನ ಮಟ್ಟ ನೋಡುವ ಬದಲು ಅದರ ಉಪ್ಪಿನಂಶವನ್ನಷ್ಟೇ ನೋಡಿ ಪಂಪ್ ಚಾಲೂ ಮಾಡಿದಂತೆ ಇದು. ಬೆವರಿನಲ್ಲಿ ನೀರಿನೊಡನೆ ಉಪ್ಪೂ ಹೋಗುತ್ತದೆ. ತೀವ್ರವಾಗಿ ಬೆವರಿದವರು ಬರಿಯ ನೀರನ್ನು ಕುಡಿದಾಗ ಸಾಂದ್ರತೆ ಬೇಗನೆ ಸರಿಹೋಗಿ, ಕೊರತೆ ತುಂಬುವ ಮೊದಲೇ ಬಾಯಾರಿಕೆ ಅಡಗುತ್ತದೆ. ಎರಡು, ನೀರು ಗಂಟಲನ್ನು ತೇವಗೊಳಿಸಿ ಹೊಟ್ಟೆ ಸೇರಿದೊಡನೆ ದಾಹ ಶಮನವಾಗುತ್ತದೆ. ಆ ನೀರು ರಕ್ತಕ್ಕೆ ಸೇರಲು ಮತ್ತೂ ಹಲವು ನಿಮಿಷಗಳು ಬೇಕು. 1940ರ ದಶಕದಲ್ಲಿ ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಇ. ಎಫ್. ಅಡಾಲ್ಫ್ ಮತ್ತು ಸಂಗಡಿಗರು ಮರುಭೂಮಿಯಲ್ಲಿ ಸೈನಿಕರನ್ನು ಅಧ್ಯಯನ ಮಾಡಿದಾಗ, ನೀರು ಬಳಿಯಲ್ಲಿದ್ದರೂ ಅವರು ಬೆವರಿದುದಕ್ಕಿಂತ ಕಡಿಮೆ ಕುಡಿಯುತ್ತಿದ್ದುದು ಕಂಡುಬಂತು. ಆ ಕೊರತೆಯನ್ನು ಅವರು ಬಹುಮಟ್ಟಿಗೆ ಊಟದ ವೇಳೆಯಲ್ಲಿ ತುಂಬಿಕೊಳ್ಳುತ್ತಿದ್ದರು.

ನಮ್ಮ ಸೆಕೆಯ ವಿಶೇಷ

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಕುಮಾರಧಾರಾ ಮತ್ತು ಪಯಸ್ವಿನಿ ಹರಿಯುವ ಪ್ರದೇಶದಲ್ಲಿ ನಿರ್ಜಲೀಕರಣದ ಮಾತೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಇಲ್ಲಿನ ಗಾಳಿಯ ತೇವಾಂಶದಲ್ಲಿದೆ. ಬೆವರು ದೇಹವನ್ನು ತಂಪಾಗಿಸುವುದು ಸುರಿಯುವುದರಿಂದಲ್ಲ, ಆವಿಯಾಗುವುದರಿಂದ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿ ಉಷ್ಣ ದೇಹದಿಂದ ಹೊರಹೋಗುತ್ತದೆ. ಬಯಲುಸೀಮೆಯ ಒಣಹವೆಯಲ್ಲಿ ಬೆವರು ಬೇಗ ಆರುತ್ತದೆ. ಕರಾವಳಿಯ ಒದ್ದೆ ಹವೆಯಲ್ಲಿ ಅದು ಆರದೆ ತೊಟ್ಟಿಕ್ಕುತ್ತದೆ. ನೀರು ನಷ್ಟವಾಗುತ್ತದೆ, ತಂಪು ದೊರೆಯುವುದಿಲ್ಲ. ತಂಪಾಗದ ದೇಹ ಮತ್ತಷ್ಟು ಬೆವರುತ್ತದೆ.

ಭಾರತೀಯ ಹವಾಮಾನ ಇಲಾಖೆಯ ಮಾನದಂಡದಲ್ಲಿಯೂ ಈ ವ್ಯತ್ಯಾಸವಿದೆ. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಶಾಖದ ಅಲೆಯನ್ನು ಪರಿಗಣಿಸಲಾಗುತ್ತದೆ. ಕರಾವಳಿಗೆ ಈ ಮಿತಿ 37 ಡಿಗ್ರಿ. ಅದು ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಹೆಚ್ಚಿರಬೇಕು. ಆದುದರಿಂದ ‘ರಾಯಚೂರಿನಷ್ಟು ಬಿಸಿಲು ಇಲ್ಲಿಲ್ಲ’ ಎಂಬ ಸಮಾಧಾನ ಸರಿಯಲ್ಲ.

ಒಂದು ಲೆಕ್ಕವನ್ನು ನೋಡಬಹುದು. ಬಿಸಿಲಿನಲ್ಲಿ ಶ್ರಮದ ಕೆಲಸ ಮಾಡುವವರು ಗಂಟೆಗೆ ಒಂದು ಲೀಟರಿನಷ್ಟು ಬೆವರುವುದು ಅಪರೂಪವಲ್ಲ. 60 ಕಿಲೊ ತೂಕದ ಕಾರ್ಮಿಕರ ದೇಹತೂಕದ ಶೇ. 2 ಎಂದರೆ 1.2 ಲೀಟರ್. ಅಂದರೆ ನೀರು ಕುಡಿಯದೆ ಒಂದೂಕಾಲು ಗಂಟೆ ದುಡಿದರೆ, ಶ್ರಮದ ಸಾಮರ್ಥ್ಯ ಮತ್ತು ಏಕಾಗ್ರತೆ ಕುಗ್ಗತೊಡಗುವ ಮಟ್ಟವನ್ನು ಅವರು ತಲುಪಬಹುದು. ಅಡಿಕೆ ಮರದ ಮೇಲಿರುವವರಿಗೆ, ಹುಲ್ಲು ಕತ್ತರಿಸುವ ಯಂತ್ರ ಹಿಡಿದವರಿಗೆ, ಗಾರೆ ಕೆಲಸದ ಸಾರುವೆಯ ಮೇಲೆ ನಿಂತವರಿಗೆ ಕ್ಷಣಕಾಲದ ತಲೆಸುತ್ತು ಕೂಡ ಪ್ರಾಣಾಪಾಯ ತರಬಲ್ಲದು.

ಬಾಯಾರಿಕೆಯ ಕರೆ ಕೇಳಿಸದವರು

ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ಮೂತ್ರಪಿಂಡಗಳು ನೀರನ್ನು ಉಳಿಸುವ ಶಕ್ತಿಯೂ ಕುಗ್ಗುತ್ತದೆ. ಮಕ್ಕಳು ದೂರದ ಊರುಗಳಲ್ಲಿದ್ದು, ತೋಟದ ಮನೆಗಳಲ್ಲಿ ಒಂಟಿಯಾಗಿರುವ ಹಿರಿಯರು ಈ ಮೂರೂ ತಾಲೂಕುಗಳಲ್ಲಿದ್ದಾರೆ. ‘ದಾಹವೇ ಆಗುವುದಿಲ್ಲ’ ಎಂದು ಅವರು ಹೇಳಿದರೆ ಅದು ಆರೋಗ್ಯದ ಲಕ್ಷಣವೆಂದು ಭಾವಿಸಬಾರದು. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಲ್ಲಿ ಅಪಾಯ ಇನ್ನೂ ಹೆಚ್ಚು.

ಶಿಶುಗಳು ಬಾಯಾರಿಕೆಯನ್ನು ಹೇಳಲಾರವು. ಆಟದಲ್ಲಿ ಮಗ್ನರಾದ ಮಕ್ಕಳು ಅದನ್ನು ಗಮನಿಸುವುದಿಲ್ಲ. ಆದರೆ ಆರು ತಿಂಗಳು ತುಂಬದ ಶಿಶುವಿಗೆ ಬೇಸಿಗೆಯಲ್ಲಿಯೂ ತಾಯಿಯ ಹಾಲೇ ಸಾಕು; ಬೇರೆ ನೀರು ಕೊಡಬಾರದು. ಬದಲಾಗಿ ಹಾಲೂಡಿಸುವ ತಾಯಿ ಹೆಚ್ಚು ನೀರು ಕುಡಿಯಬೇಕು. ಹೊರರಾಜ್ಯಗಳಿಂದ ಹೊಸದಾಗಿ ಬಂದ ಕಾರ್ಮಿಕರ ದೇಹ ಇಲ್ಲಿನ ಸೆಕೆಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರಗಳು ಬೇಕು. ಮೊದಲ ಕೆಲವು ದಿನಗಳಲ್ಲಿ ಅವರಿಗೆ ಹಗುರ ಕೆಲಸ ಮತ್ತು ಹೆಚ್ಚು ವಿರಾಮ ಅಗತ್ಯ.

ಬಾಯಾರಿದರೂ ಕುಡಿಯದವರು

ಇನ್ನೊಂದು ವರ್ಗವಿದೆ. ಅವರಿಗೆ ಬಾಯಾರಿಕೆ ಚೆನ್ನಾಗಿಯೇ ತಿಳಿಯುತ್ತದೆ. ಆದರೂ ಅವರು ಉದ್ದೇಶಪೂರ್ವಕವಾಗಿ ನೀರು ಕುಡಿಯುವುದಿಲ್ಲ. ಶೌಚಾಲಯವಿಲ್ಲದ ಸ್ಥಳದಲ್ಲಿ ದಿನವಿಡೀ ದುಡಿಯುವ ಮಹಿಳೆಯರು, ಶಾಲೆಯ ಶೌಚಾಲಯ ಸ್ವಚ್ಛವಾಗಿಲ್ಲವೆಂದು ಬೆಳಗ್ಗಿನಿಂದ ಸಂಜೆಯವರೆಗೆ ತಡೆದುಕೊಳ್ಳುವ ವಿದ್ಯಾರ್ಥಿನಿಯರು, ಎದ್ದರೆ ಎಣಿಕೆ ತಪ್ಪೀತೆಂದು ಕುಳಿತೇ ಇರುವ ಬೀಡಿ ಕಟ್ಟುವ ಮಹಿಳೆಯರು, ವಾಹನ ಬಿಟ್ಟು ಇಳಿಯಲಾಗದ ಚಾಲಕರು ಈ ವರ್ಗಕ್ಕೆ ಸೇರುತ್ತಾರೆ. ನೀರು ಕಡಿಮೆ ಕುಡಿದು ಮೂತ್ರವನ್ನು ತಡೆಯುವ ರೂಢಿಯಿಂದ ಮೂತ್ರನಾಳದ ಸೋಂಕು ಹಾಗೂ ಮೂತ್ರಪಿಂಡದ ಕಲ್ಲಿನ ಸಾಧ್ಯತೆ ಹೆಚ್ಚುತ್ತದೆ.

ಇವರಿಗೆ ‘ಹೆಚ್ಚು ನೀರು ಕುಡಿಯಿರಿ’ ಎಂಬ ಉಪದೇಶದಿಂದ ಪ್ರಯೋಜನವಿಲ್ಲ. ಬೇಕಾಗಿರುವುದು ಬಳಸಲು ಯೋಗ್ಯವಾದ ಶೌಚಾಲಯ ಮತ್ತು ಎದ್ದುಹೋಗಲು ಅನುಮತಿ. ಶೌಚಾಲಯದ ಬಾಗಿಲಿಗೆ ಚಿಲಕ ಹಾಕಿಸುವುದು ಕೂಡ ಕುಡಿಯುವ ನೀರಿನ ಕಾರ್ಯಕ್ರಮವೇ ಎಂಬುದನ್ನು ಸದಸ್ಯರು ಮನಗಾಣಬೇಕು.

ಈ ನಿಟ್ಟಿನಲ್ಲಿ ನಮ್ಮ ಭಾಗದಲ್ಲಿಯೇ ಒಂದು ಮಾದರಿ ಇದೆ. 2019ರ ನವೆಂಬರ್‌ನಲ್ಲಿ, ಕೇರಳದ ಶಾಲೆಗಳ ಪ್ರಯೋಗದ ಬೆನ್ನಿಗೆ, ಪುತ್ತೂರು ತಾಲೂಕಿನ ಉಪ್ಪಿನಂಗಡಿಯ ಇಂದ್ರಪ್ರಸ್ಥ ವಿದ್ಯಾಲಯವು ‘ವಾಟರ್ ಬೆಲ್’ ಪದ್ಧತಿಯನ್ನು ಜಾರಿಗೆ ತಂದಿತು. ನಿಗದಿತ ವೇಳೆಗೆ ಗಂಟೆ ಬಾರಿಸಿದಾಗ ಮಕ್ಕಳೆಲ್ಲರೂ ನೀರು ಕುಡಿಯುವುದು ಇದರ ಕ್ರಮ. ಇದಕ್ಕೆ ತಗಲುವ ವೆಚ್ಚ ಶೂನ್ಯ. ಗಂಟೆಯು ಮಗುವಿಗೆ ಬಾಯಾರಿಕೆಯಾಗುವವರೆಗೆ ಕಾಯುವುದಿಲ್ಲ. ಕುಡಿಯುವುದಕ್ಕೆ ಅನುಮತಿ ಬೇಡುವ ಸಂಕೋಚವನ್ನೂ ಅದು ನಿವಾರಿಸುತ್ತದೆ. ಬೆಲ್ಲ-ನೀರಿನ ಉಪಚಾರದ ಹಿಂದಿರುವ ತತ್ತ್ವವೇ ಇಲ್ಲಿಯೂ ಇದೆ.

ಗುರುತಿಸುವ ಕ್ರಮ

ಉಪಕರಣವಿಲ್ಲದೆ ಎಲ್ಲರೂ ಮಾಡಬಹುದಾದ ಪರೀಕ್ಷೆ ಮೂತ್ರದ ಬಣ್ಣವನ್ನು ನೋಡುವುದು. ತಿಳಿಹಳದಿ ಬಣ್ಣವಿದ್ದರೆ ನೀರು ಸಾಕಷ್ಟಿದೆ. ಗಾಢ ಹಳದಿಯಾಗಿದ್ದು ಪ್ರಮಾಣವೂ ಕಡಿಮೆಯಿದ್ದರೆ ಕೊರತೆಯಿದೆ. ಬಿ-ಕಾಂಪ್ಲೆಕ್ಸ್ ಮಾತ್ರೆ ಸೇವಿಸುವವರಲ್ಲಿ ಮಾತ್ರ ಈ ಪರೀಕ್ಷೆ ತಪ್ಪು ಹೇಳಬಹುದು. ಬಾಯಿ ಒಣಗುವುದು, ತಲೆನೋವು, ಎದ್ದು ನಿಂತಾಗ ತಲೆಸುತ್ತು, ಸ್ನಾಯುಗಳ ಸೆಳೆತ, ಕಾರಣವಿಲ್ಲದ ಆಯಾಸ ಮತ್ತು ಸಿಡುಕು ಇತರ ಲಕ್ಷಣಗಳು. ಮಕ್ಕಳಲ್ಲಿ ಕಣ್ಣು ಗುಳಿಬೀಳುವುದು, ಅಳುವಾಗ ಕಣ್ಣೀರು ಬಾರದಿರುವುದು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ನಿಧಾನವಾಗಿ ಹಿಂದಿನ ಸ್ಥಿತಿಗೆ ಬರುವುದು ಗಂಭೀರ ಸೂಚನೆಗಳು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಇದಕ್ಕೆ ವಿರುದ್ಧವಾದ ಸಂದರ್ಭವೂ ಇದೆ. ಸಾಕಷ್ಟು ನೀರು ಕುಡಿದರೂ ಆರದ ಬಾಯಾರಿಕೆ ಮತ್ತು ಪದೇ ಪದೇ ಮೂತ್ರವಿಸರ್ಜನೆ ಕಂಡುಬಂದರೆ ಅದು ಮಧುಮೇಹದ ಲಕ್ಷಣವಿರಬಹುದು. ಅಂಥವರು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಏನನ್ನು, ಎಷ್ಟು ಕುಡಿಯಬೇಕು

ಸಾಧಾರಣ ದಿನಗಳಲ್ಲಿ ವಯಸ್ಕರಿಗೆ ಸುಮಾರು ಎರಡು ಲೀಟರ್, ಅಂದರೆ ಎಂಟು ಲೋಟ ನೀರು ಎಂಬುದು ಸ್ಥೂಲವಾದ ಅಳತೆ. ಬಿಸಿಲಿನ ಕೆಲಸದಲ್ಲಿ 15ರಿಂದ 20 ನಿಮಿಷಗಳಿಗೊಮ್ಮೆ ಒಂದು ಲೋಟದಂತೆ, ಅಂದರೆ ಸುಮಾರು 250 ಮಿಲಿಲೀಟರ್, ಕುಡಿಯುವುದು ಸೂಕ್ತ. ಆದರೆ ಗಂಟೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ಕುಡಿಯಬಾರದು. ಉಪ್ಪಿಲ್ಲದ ನೀರನ್ನು ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯ ಉಂಟಾಗುತ್ತದೆ. ಹೃದಯ ಮತ್ತು ಮೂತ್ರಪಿಂಡದ ಕಾಯಿಲೆಯಿರುವವರು ವೈದ್ಯರು ನಿಗದಿಪಡಿಸಿದ ಪ್ರಮಾಣವನ್ನೇ ಪಾಲಿಸಬೇಕು.

ಉಪ್ಪು ಹಾಕಿದ ಮಜ್ಜಿಗೆ ನೀರು ಮತ್ತು ಕುಚ್ಚಲಕ್ಕಿ ಗಂಜಿಯ ತಿಳಿ ನೀರು, ಲವಣ ಎರಡನ್ನೂ ಒದಗಿಸುತ್ತವೆ. ಮಧ್ಯಾಹ್ನದ ಗಂಜಿ-ಉಪ್ಪಿನಕಾಯಿ ಈ ಭಾಗದ ದುಡಿಯುವ ಜನರ ಆಹಾರವಾಗಿ ಉಳಿದುಬಂದದ್ದಕ್ಕೆ ಇದೂ ಒಂದು ಸಮರ್ಥನೆ. ಪುನರ್ಪುಳಿಯ ಪಾನಕ, ರಾಗಿ ನೀರು, ಹೆಸರಿನ ಪಾನಕ ಒಳ್ಳೆಯವು, ಸಕ್ಕರೆ ಮಿತಿಯಲ್ಲಿರಲಿ. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ದೈನಂದಿನ ಪಾನೀಯವಾಗಿ ಅದು ಉತ್ತಮವಾದರೂ ವಾಂತಿಭೇದಿಯಲ್ಲಿ ಓಆರ್‌ಎಸ್‌ಗೆ ಬದಲಿಯಲ್ಲ. ಮೂತ್ರಪಿಂಡದ ರೋಗಿಗಳಿಗೆ ಸಲ್ಲದು. ಮದ್ಯವು ಮೂತ್ರವನ್ನು ಹೆಚ್ಚಿಸಿ ನೀರಿನ ಕೊರತೆಯನ್ನು ಬೆಳೆಸುತ್ತದೆ.

ವಾಂತಿಭೇದಿಯಾದಾಗ ಓಆರ್‌ಎಸ್ ಪೊಟ್ಟಣವೇ ಮೊದಲ ಮದ್ದು. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಕೊಡುವ ದ್ರಾವಣ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು-ಸಕ್ಕರೆಯ ದ್ರಾವಣವನ್ನು ಬಾಯಿಯ ಮೂಲಕವೇ ಕುಡಿಸಿ ಸಾವಿನ ಪ್ರಮಾಣವನ್ನು ಬಹಳಷ್ಟು ಇಳಿಸಿದರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಘೋಷಣೆಯಾಯಿತು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಅದನ್ನು ಪೂರ್ತಿಯಾಗಿ ಕರಗಿಸಿ 24 ಗಂಟೆಗಳೊಳಗೆ ಬಳಸಬೇಕು. ಪ್ರತಿ ಬಾರಿ ಭೇದಿಯಾದಾಗ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿಲಿಲೀಟರ್ ಕೊಡಬೇಕು. ಪೊಟ್ಟಣ ಸಿಗುವವರೆಗೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮತಟ್ಟು ಟೀಚಮಚ ಸಕ್ಕರೆ ಹಾಗೂ ಅರ್ಧ ಟೀಚಮಚ ಉಪ್ಪು ಬೆರೆಸಿ ಕೊಡಬಹುದು, ಉಪ್ಪು ಹೆಚ್ಚಾಗಬಾರದು. ಅಂಗಡಿಯಲ್ಲಿ ದೊರೆಯುವ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಅಂಥವುಗಳ ಹೆಸರಿನಲ್ಲಿ ‘ಓಆರ್‌ಎಸ್’ ಪದ ಬಳಸದಂತೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಉಷ್ಣಾಘಾತ: ತಡಮಾಡಬಾರದ ಸ್ಥಿತಿ

ಬಿಸಿಲಿನಲ್ಲಿದ್ದವರು ತೊದಲಿದರೆ, ಅಸಂಬದ್ಧವಾಗಿ ಮಾತನಾಡಿದರೆ ಅಥವಾ ಪ್ರಜ್ಞೆ ತಪ್ಪಿದರೆ ಅದನ್ನು ಉಷ್ಣಾಘಾತವೆಂದೇ ಪರಿಗಣಿಸಬೇಕು. ದೇಹದ ಉಷ್ಣಾಂಶ 40 ಡಿಗ್ರಿ ದಾಟಿರಬಹುದು. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸಕೋಶ ಸೇರುತ್ತದೆ. ಕಾಡಂಚಿನ ಊರುಗಳಿಗೆ ಆಂಬುಲೆನ್ಸ್ ತಲುಪಲು ಸಮಯ ಬೇಕಾಗುವುದರಿಂದ ತಂಪುಗೊಳಿಸುವ ಕೆಲಸ ಸ್ಥಳದಲ್ಲಿಯೇ ಆರಂಭವಾಗಬೇಕು.

ಗ್ರಾಮ ಪಂಚಾಯತ್ ಕೈಗೊಳ್ಳಬಹುದಾದ ಕ್ರಮಗಳು

1. ಕಾಮಗಾರಿ ಸ್ಥಳದ ನೀರಿನ ಲೆಕ್ಕ. ಉದ್ಯೋಗ ಖಾತರಿ ಕಾಮಗಾರಿಯ ಸ್ಥಳದಲ್ಲಿ ಕುಡಿಯುವ ನೀರು ಮತ್ತು ನೆರಳು ಕಾರ್ಮಿಕರ ಹಕ್ಕು. ಆದರೆ ‘ನೀರು ಇಡಲಾಗಿದೆ’ ಎಂಬ ದಾಖಲೆ ಸಾಲದು. 20 ನಿಮಿಷಕ್ಕೊಂದು ಲೋಟದಂತೆ ಒಬ್ಬರಿಗೆ ಗಂಟೆಗೆ 750 ಮಿಲಿಲೀಟರ್. ಆರು ಗಂಟೆಗೆ 4.5 ಲೀಟರ್, 25 ಮಂದಿಗೆ 112 ಲೀಟರಿಗೂ ಹೆಚ್ಚು. ಅಲ್ಲಿ 20 ಲೀಟರಿನ ಒಂದೇ ಕ್ಯಾನ್ ಇದ್ದರೆ ತಲಾ 800 ಮಿಲಿಲೀಟರ್ ಮಾತ್ರ ದೊರೆಯುತ್ತದೆ. ಅಂದರೆ ಒಂದು ಗಂಟೆಯ ಅಗತ್ಯಕ್ಕಿಂತ ತುಸು ಹೆಚ್ಚು, ಅಷ್ಟೆ. ಗುತ್ತಿಗೆ ಕಾಮಗಾರಿಗಳಿಗೂ ಇದೇ ಲೆಕ್ಕ ಅನ್ವಯಿಸಬೇಕು.

2. ಕೆಲಸದ ವೇಳೆ. ಮಾರ್ಚ್‌ನಿಂದ ಮಳೆಗಾಲ ಆರಂಭವಾಗುವವರೆಗೆ ಮಧ್ಯಾಹ್ನ 12ರಿಂದ 3 ಗಂಟೆಯವರೆಗಿನ ಶ್ರಮದ ಕೆಲಸವನ್ನು ಬೆಳಗ್ಗೆ ಮತ್ತು ಸಂಜೆಗೆ ಹಂಚುವುದು. ಸ್ವಚ್ಛವಾಹಿನಿ ಸಿಬ್ಬಂದಿ ಮತ್ತು ಪಂಪ್ ಚಾಲಕರಿಗೂ ಇದು ಅನ್ವಯವಾಗಲಿ.

3. ಶಾಲೆ ಮತ್ತು ಅಂಗನವಾಡಿ. ವಾಟರ್ ಬೆಲ್ ಪದ್ಧತಿಯ ಬಗ್ಗೆ ಶಾಲಾಭಿವೃದ್ಧಿ ಸಮಿತಿಗಳೊಡನೆ ಚರ್ಚಿಸುವುದು. ಅದರೊಂದಿಗೆ ಶೌಚಾಲಯದ ನೀರು, ಚಿಲಕ ಮತ್ತು ಸ್ವಚ್ಛತೆಯನ್ನು ಸದಸ್ಯರೇ ಪರಿಶೀಲಿಸುವುದು.

4. ಒಂಟಿ ಹಿರಿಯರ ಪಟ್ಟಿ. ಪ್ರತಿ ವಾರ್ಡಿನಲ್ಲಿ ಆಶಾ ಕಾರ್ಯಕರ್ತೆ ಹಾಗೂ ಸಂಜೀವಿನಿ ಒಕ್ಕೂಟದ ನೆರವಿನಿಂದ ಪಟ್ಟಿ ತಯಾರಿಸಿ, ಶಾಖದ ಅಲೆಯ ಮುನ್ಸೂಚನೆ ಬಂದ ದಿನಗಳಲ್ಲಿ ಒಮ್ಮೆ ಭೇಟಿ ಅಥವಾ ಕರೆ ಮಾಡುವುದು.

5. ಸುರಕ್ಷಿತ ನೀರು. ಬೇಸಿಗೆಯಲ್ಲಿ ತಳಕಂಡ ಬಾವಿಗಳಿಗೆ ಮೊದಲ ಮಳೆಯ ಕೊಳೆನೀರು ಸೇರುತ್ತದೆ. ನಳ್ಳಿಯ ಕೊನೆಯ ಮನೆಯಲ್ಲಿಯೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಶೇಷ ಕ್ಲೋರಿನ್ ಇದೆಯೇ ಎಂದು ಪರೀಕ್ಷಿಸುವುದು. ನೀರಿನ ಗುಣಮಟ್ಟದ ಮೇಲೆ ನಂಬಿಕೆ ಇಲ್ಲದಿದ್ದರೆ ಜನರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ.

6. ಜಾತ್ರೆ, ನೇಮ, ಸಮಾರಂಭ. ಪುತ್ತೂರಿನ ಏಪ್ರಿಲ್ ಜಾತ್ರೆಯಿಂದ ಪತ್ತನಾಜೆಯವರೆಗೆ ಊರೂರುಗಳಲ್ಲಿ ಜನ ಸೇರುತ್ತಾರೆ. ಆಯೋಜಕರು ನೀರು, ನೆರಳು ಮತ್ತು ಶೌಚಾಲಯದ ವ್ಯವಸ್ಥೆಯನ್ನು ಮೊದಲೇ ತಿಳಿಸುವಂತೆ ಕೋರುವುದು.

7. ಎಲ್ಲರಿಗೂ ತಿಳಿಯುವ ಸೂಚನೆ. ತುಳು, ಅರೆಭಾಷೆ, ಬ್ಯಾರಿ, ಮಲಯಾಳಂ ಮಾತನಾಡುವವರು, ರಬ್ಬರ್ ತೋಟಗಳಲ್ಲಿ ದುಡಿಯುವ ತಮಿಳು ಕುಟುಂಬಗಳು, ಹಿಂದಿ-ಬಂಗಾಳಿ ಆಡುವ ವಲಸೆ ಕಾರ್ಮಿಕರು ನಮ್ಮ ಗ್ರಾಮಗಳಲ್ಲಿದ್ದಾರೆ. ಮೂತ್ರದ ಬಣ್ಣವನ್ನು ತೋರಿಸುವ ಚಿತ್ರಪಟ್ಟಿಯನ್ನು ಶೌಚಾಲಯದ ಗೋಡೆಗೆ ಅಂಟಿಸಿದರೆ ಓದು ಬಾರದವರಿಗೂ ವಿಷಯ ತಲುಪುತ್ತದೆ.

ಈ ಏಳರಲ್ಲಿ ಬಹುಪಾಲು ಕ್ರಮಗಳಿಗೆ ಹೊಸ ಅನುದಾನದ ಅಗತ್ಯವಿಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ಪ್ರತಿ ಸದಸ್ಯರು ತಮ್ಮ ವಾರ್ಡಿನ ಒಂದು ಕಾಮಗಾರಿ ಸ್ಥಳ, ಒಂದು ಶಾಲೆ ಮತ್ತು ಒಬ್ಬ ಒಂಟಿ ಹಿರಿಯರ ಮನೆಗೆ ಭೇಟಿ ನೀಡಿ ಬಂದರೆ ಕೊರತೆ ಎಲ್ಲಿದೆ ಎಂಬುದು ತಾನಾಗಿ ತಿಳಿಯುತ್ತದೆ. ನೀರು ಪೂರೈಕೆಯ ಯೋಜನೆಗಳು ಮನೆಯ ನಳ್ಳಿಯವರೆಗೆ ನೀರನ್ನು ತಲುಪಿಸುತ್ತವೆ. ಅಲ್ಲಿಂದ ಮುಂದೆ, ದುಡಿಯುವವರ ಕೈಯ ಲೋಟದವರೆಗೆ ಅದನ್ನು ತಲುಪಿಸುವುದು ಊರನ್ನು ಬಲ್ಲ ಸದಸ್ಯರಿಂದ ಮಾತ್ರ ಸಾಧ್ಯ. ಮನೆಯ ಜಗಲಿಯಲ್ಲಿ ಅತಿಥಿಗೆ ಸಲ್ಲುವ ಉಪಚಾರವು ಊರಿಗಾಗಿ ಬಿಸಿಲಿನಲ್ಲಿ ನಿಂತವರಿಗೂ ಸಲ್ಲಬೇಕು.